ತೀರಿಹೋದ ಅಜ್ಜಿಯ ಬದುಕನ್ನು ಬರೆದಿಡುವುದು ಹೇಗೆ?

ಪ್ರಶ್ನೆ: ನಮ್ಮದು ತಿಪಟೂರು ಕಡೆಯ ಒಂದು ಹಳ್ಳಿ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಹೋದ ವರ್ಷ ಅಜ್ಜಿ (ತಂದೆಯ ತಾಯಿ) ತೀರಿಕೊಂಡರು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಹಿರಿಯರ ಹೆಸರು ಹೇಳಿ ಅಂದರು. ಗಂಡಸರ ಹೆಸರು ಮೂರು ತಲೆಮಾರಿನವರೆಗೂ ಬಂತು. ಅಜ್ಜಿಯ ಅತ್ತೆಯ ಹೆಸರು ಮಾತ್ರ ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಅಜ್ಜಿ ಹುಟ್ಟಿದ ವರ್ಷವೂ ಗೊತ್ತಿಲ್ಲ, ಇರುವುದು ಒಂದೇ ಫೋಟೊ. ಅವರ ವಾರಿಗೆಯವರು ಊರಿನಲ್ಲಿ ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅಜ್ಜಿಯ ಬದುಕನ್ನೂ ಊರಿನ ಉಳಿದವರ ಬದುಕನ್ನೂ ಬರೆದಿಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ಮನೆಯ ಜಗಳ, ಕುಡಿತ, ಎರಡನೇ ಮದುವೆ ಇಂಥದ್ದನ್ನೆಲ್ಲ ಬರೆಯಬಹುದಾ?

ಉತ್ತರ: ತಾಲ್ಲೂಕು ಆಫೀಸು, ದಾಖಲೆ, ಹಳೇ ಫೋಟೊ ಎಲ್ಲ ಆಮೇಲೆ. ಮೊದಲು ಅಜ್ಜಿಯ ವಾರಿಗೆಯವರಲ್ಲಿ ಇನ್ನೂ ಇರುವವರು ಯಾರು ಯಾರು ಅಂತ ಒಂದು ಪಟ್ಟಿ ಮಾಡಿ. ಯಾರ ನೆನಪು ಗಟ್ಟಿಯಾಗಿದೆ, ಯಾರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಯಾರು ಅಜ್ಜಿಯ ಜೊತೆ ಹೊಲದಲ್ಲೋ ಅಡುಗೆಮನೆಯಲ್ಲೋ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ ಅಂತ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಕಾಗದಪತ್ರ ಇನ್ನೊಂದು ವರ್ಷ ಕಾಯುತ್ತದೆ. ಎಂಬತ್ತೈದು ದಾಟಿದವರ ಮಾತು ಹಾಗೆ ಕಾಯುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗಲೇ ಒಬ್ಬರ ಹತ್ತಿರ ಕೂತುಕೊಳ್ಳಿ.

ನಾನು ಬಹಳ ವರ್ಷಗಳಿಂದ ಹಳ್ಳಿಗಳಲ್ಲಿ ಮನೆತನದ ಕಥೆ, ಕೇರಿಯ ಕಥೆ ಕೇಳಿ ಬರೆದುಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಮನೆಯವರು ಅಚ್ಚು ಹಾಕಿಸಿದ ನೆನಪಿನ ಪುಸ್ತಕಗಳನ್ನು ಜನ ಪ್ರೀತಿಯಿಂದ ಕೈಗೆ ಕೊಡುತ್ತಾರೆ. ಅವುಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಇರುತ್ತವೆ. ಸರಳ ಜೀವಿ, ಸದಾ ಹಸನ್ಮುಖಿ, ಕೊಡುಗೈ ದಾನಿ, ಬಂಧುಬಳಗಕ್ಕೆ ಅಚ್ಚುಮೆಚ್ಚು. ಹೆಸರು ಬದಲಾಯಿಸಿ ಪಕ್ಕದ ಮನೆಯವರ ಫೋಟೊ ಹಾಕಿದರೂ ಒಂದಕ್ಷರ ತಿದ್ದಬೇಕಾಗಿಲ್ಲ. ಬರೆದವರ ಪ್ರೀತಿ ಸುಳ್ಳಲ್ಲ. ಆದರೆ ಆ ಮನುಷ್ಯ ಅಲ್ಲಿ ಸಿಗುವುದಿಲ್ಲ, ಅದೇ ನನಗೆ ಸಂಕಟ. ಹಾಗಾಗಿ ನಾನು ಕೇಳಿದವರಿಗೆಲ್ಲ ಹೇಳುವುದು ಒಂದೇ: ಗುಣ ಬರೆಯಬೇಡಿ, ಮಾಡಿದ ಕೆಲಸ ಬರೆಯಿರಿ. ಯಾವ ಊರಲ್ಲಿ, ಯಾವ ವರ್ಷ, ಯಾರ ಜೊತೆ, ಏನು ಮಾಡಿದರು. ಗುಣ ಓದುವವರಿಗೆ ತಾನಾಗೇ ಕಾಣುತ್ತದೆ.

ಇದು ನಾನು ಕಂಡುಹಿಡಿದ ವಿದ್ಯೆ ಏನೂ ಅಲ್ಲ. ಸಾವಿನ ಮನೆಯಲ್ಲಿ ನಮ್ಮ ಹೆಂಗಸರು ಅಳುವುದನ್ನು ಕೇಳಿದ್ದೀರಲ್ವಾ? ಉತ್ತರ ಕರ್ನಾಟಕದಲ್ಲಿ ಹಾಡ್ಯಾಡಿ ಅಳುವುದು ಅಂತಾರೆ. ನಿಮ್ಮ ಕಡೆಯೂ ಹಳಬರು ಹಾಗೇ ಅಳುತ್ತಾರೆ. ಆ ಅಳುವಿನಲ್ಲಿ ಸದ್ಗುಣದ ಪಟ್ಟಿ ಇರುವುದಿಲ್ಲ. "ನನ್ನ ಚೊಚ್ಚಲ ಹೆರಿಗೆಗೆ ಕತ್ತಲಲ್ಲಿ ಹಳ್ಳ ದಾಟಿ ಬಂದಿದ್ದೆಯಲ್ಲೇ", "ನನ್ನ ಮಗನಿಗೆ ಜ್ವರ ಬಂದಾಗ ಕೋಳಿ ಮಾರಿ ದುಡ್ಡು ಕೊಟ್ಟೆಯಲ್ಲೇ" ಅಂತ ಒಂದೊಂದೇ ಕೆಲಸ ಹೊರಗೆ ಬರುತ್ತದೆ. ಸತ್ತವರ ಚರಿತ್ರೆಯ ಮೊದಲ ಕರಡು ಅದೇ. ಹೊರಗೆ ಕಟ್ಟಿದ ಫ್ಲೆಕ್ಸ್ ಮೇಲೆ ಬರೀ ಭಾವಪೂರ್ಣ ಶ್ರದ್ಧಾಂಜಲಿ ಇರುತ್ತದೆ, ಒಳಗೆ ಪಡಸಾಲೆಯಲ್ಲಿ ನಿಜವಾದ ಕಥೆ ನಡೆಯುತ್ತಿರುತ್ತದೆ. ಅಜ್ಜಿ ತೀರಿಕೊಂಡ ದಿನ ಯಾರು ಏನು ಹೇಳಿ ಅತ್ತರು ಅಂತ ನಿಮ್ಮ ಅಮ್ಮನಿಗೆ, ಅತ್ತೆಯರಿಗೆ ಖಂಡಿತ ನೆನಪಿರುತ್ತದೆ. ಇನ್ನೂ ಒಂದೇ ವರ್ಷ ಆಗಿದೆ. ಹೋಗಿ ಕೇಳಿ, ಬರೆದುಕೊಳ್ಳಿ. ನಿಮ್ಮ ಬರಹದ ಮೊದಲ ಪುಟ ಅದರಿಂದಲೇ ಶುರುವಾಗಲಿ.

ನಮ್ಮ ಹಳೇ ಕಲ್ಲುಗಳೂ ಹೀಗೇ ಮಾತಾಡುತ್ತವೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕೇಳಿರಬಹುದು. ಕ್ರಿ.ಶ. 949-50ರ ಸುಮಾರಿನದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಗಂಗರ ದೊರೆ ಬೂತುಗನ ಕಡೆ ಹೋರಾಡಿದ ಮಣಲೆರ ಅನ್ನುವವನು ಮೆಚ್ಚುಗೆಯಾಗಿ ದೊರೆಯ ಹತ್ತಿರ ಕಾಳಿ ಅನ್ನುವ ನಾಯಿಯನ್ನು ಕೇಳಿ ತೆಗೆದುಕೊಂಡ. ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿ, ನಾಯಿ ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಯಾವ ನಾಡು, ಯಾವ ಊರಿನ ಯಾವ ದಿಕ್ಕಿನ ಗುಡ್ಡ ಅನ್ನುವುದನ್ನೂ ಕಲ್ಲಿನಲ್ಲಿ ಬರೆಸಿದ್ದಾರೆ. ಒಳ್ಳೆಯ ನಾಯಿ, ನಂಬಿಗಸ್ತ ನಾಯಿ ಅಂತ ಬರೆಸಿ ಬಿಟ್ಟಿದ್ದರೆ ಸಾವಿರ ವರ್ಷ ಆದಮೇಲೆ ನಾವು ಕಾಳಿಯ ವಿಷಯ ಮಾತಾಡುತ್ತಿದ್ದೆವಾ?

ಈಗ ಕೇಳುವ ವಿಷಯಕ್ಕೆ ಬರೋಣ. "ಅಜ್ಜಿ ಹೇಗಿದ್ದರು?" ಅಂತ ಕೇಳಿದರೆ "ಬಹಳ ಒಳ್ಳೆಯವಳು ಕಣಮ್ಮ, ಪುಣ್ಯಾತ್ಗಿತ್ತಿ" ಅನ್ನುವ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಸಣ್ಣದು ಕೇಳಿ. ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು? ನೀರು ಎಲ್ಲಿಂದ ತರುತ್ತಿದ್ದರು? ಮದುವೆಯಾಗಿ ಬಂದ ದಿನ ಗಾಡಿಯಲ್ಲಿ ಬಂದರಾ, ನಡೆದು ಬಂದರಾ, ಬಸ್ ಇತ್ತಾ? ಕೊಬ್ಬರಿ ಮಾರಿದ ದುಡ್ಡು ಯಾರ ಕೈಯಲ್ಲಿರುತ್ತಿತ್ತು? ಯಾರ ಜೊತೆ ಮಾತು ಬಿಟ್ಟಿದ್ದರು, ಯಾಕೆ? ಎಷ್ಟು ಹೆರಿಗೆ, ಎಷ್ಟು ಮಕ್ಕಳು ಉಳಿದರು? ಈ ಕೊನೆಯದನ್ನು ಹೆಂಗಸರ ಹತ್ತಿರವೇ ಕೇಳಬೇಕು, ಗಂಡಸರಿಗೆ ಉಳಿದ ಮಕ್ಕಳ ಲೆಕ್ಕ ಮಾತ್ರ ಗೊತ್ತಿರುತ್ತದೆ. ತೀರಿಹೋದ ಕೂಸುಗಳಿಗೆ ಹೆಸರಿಟ್ಟಿದ್ದರೆ ಆ ಹೆಸರನ್ನೂ ಬರೆದುಕೊಳ್ಳಿ.

ಕುರ್ಚಿ ಹಾಕಿ ಎದುರು ಕೂರಿಸಿ ಫೋನ್ ಹಿಡಿದರೆ ಯಾವ ಅಜ್ಜಿಯೂ ಬಾಯಿ ಬಿಡುವುದಿಲ್ಲ. ಕೈಗೆ ಕೆಲಸ ಇದ್ದಾಗ ಮಾತು ಬರುತ್ತದೆ. ಹುಣಸೆಹಣ್ಣಿನ ಬೀಜ ತೆಗೆಯುವಾಗ, ಅವರೆಕಾಯಿ ಬಿಡಿಸುವಾಗ ನೀವೂ ಜೊತೆಗೆ ಕೂತು ಬಿಡಿಸಿ. ರೆಕಾರ್ಡ್ ಮಾಡುತ್ತೇನೆ ಅಂತ ಮೊದಲೇ ಹೇಳಿ, ಒಪ್ಪಿಗೆ ಪಡೆದು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪಕ್ಕದಲ್ಲಿ ಇಡಿ. ಶುರುವಿನಲ್ಲಿ ನಿಮ್ಮ ದನಿಯಲ್ಲೇ ತಾರೀಖು, ಊರು, ಮಾತಾಡುವವರ ಹೆಸರು ಹೇಳಿಬಿಡಿ. ಹತ್ತು ವರ್ಷ ಆದಮೇಲೆ ಆ ಫೈಲು ಯಾರದು ಅಂತ ಗೊತ್ತಾಗುವುದು ಅದರಿಂದಲೇ. ಅವರು ಸುಮ್ಮನಾದಾಗ ತಕ್ಷಣ ಮುಂದಿನ ಪ್ರಶ್ನೆ ಕೇಳಬೇಡಿ, ಸ್ವಲ್ಪ ಹೊತ್ತು ಬಿಡಿ. ಅಳು ಬಂದರೆ ಫೋನ್ ಆಫ್ ಮಾಡಿ, ಕಾಫಿ ಕಾಯಿಸಿ ಕೊಡಿ, ಆ ದಿನಕ್ಕೆ ಅಷ್ಟು ಸಾಕು.

ವರ್ಷ ಗೊತ್ತಿಲ್ಲ ಅಂದಿರಿ. ಅಷ್ಟು ಹಿಂದೆ ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಹುಟ್ಟಿದ ತಾರೀಖು ಬರೆದಿಟ್ಟವರು ಕಡಿಮೆ. ಶಾಲೆಗೆ ಹೋಗಿದ್ದರೆ ದಾಖಲಾತಿ ಪುಸ್ತಕದಲ್ಲಿ ಒಂದು ತಾರೀಖು ಸಿಗುತ್ತದೆ, ಆದರೆ ಅದು ಎಷ್ಟೋ ಸಲ ಮೇಷ್ಟ್ರು ಮಗುವಿನ ಮುಖ ನೋಡಿ ಅಂದಾಜಿಗೆ ಬರೆದದ್ದು. ಜೂನ್ 1ರಂದು ಹುಟ್ಟಿದವರು ನಮ್ಮಲ್ಲಿ ಇಷ್ಟೊಂದು ಜನ ಇರುವುದು ಅದಕ್ಕೇ. ಆಧಾರ್ ಕಾರ್ಡಿನಲ್ಲಿರುವುದನ್ನೂ ಪೂರ್ತಿ ನಂಬಬೇಡಿ.

ಅದರ ಬದಲು ಊರಿಗೆಲ್ಲ ಗೊತ್ತಿರುವ ಘಟನೆಗಳಿಗೆ ಗಂಟು ಹಾಕಿ ಕೇಳಿ. ಗಾಂಧೀಜಿಯನ್ನು ಕೊಂದ ಸುದ್ದಿ ಬಂದಾಗ (1948ರ ಜನವರಿ 30) ನೀವಿಬ್ಬರೂ ಎಷ್ಟು ದೊಡ್ಡವರಿದ್ದಿರಿ? ಮದುವೆ ಖರ್ಚು ಆಣೆ ಲೆಕ್ಕದಲ್ಲಾ, ಹೊಸ ಪೈಸೆ ಲೆಕ್ಕದಲ್ಲಾ? ಹೊಸ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಆಣೆ ಅಂದರೆ ಮದುವೆ ಹೆಚ್ಚುಕಡಿಮೆ ಅದಕ್ಕಿಂತ ಹಿಂದಿನದು ಅಂತಾಯಿತು. ಹೆಚ್ಚುಕಡಿಮೆ ಅಂದದ್ದು ಯಾಕೆಂದರೆ ಹಳ್ಳಿಗಳಲ್ಲಿ ಆಣೆಯ ಮಾತು ಆಮೇಲೂ ಕೆಲವು ವರ್ಷ ನಡೆಯಿತು. ಸೇರು ಹೋಗಿ ಕಿಲೋ ಬಂದಾಗ ಮಕ್ಕಳು ಎಷ್ಟು? ನೆಹರೂ ತೀರಿಕೊಂಡಾಗ (1964ರ ಮೇ 27) ಯಾರ ಮಗು ತೊಟ್ಟಿಲಲ್ಲಿತ್ತು? 1972ರ ಸುಮಾರಿನ ಬರದಲ್ಲಿ ಏನು ತಿಂದಿರಿ? 1980ರ ಫೆಬ್ರವರಿ 16ರ ಸೂರ್ಯಗ್ರಹಣ ಇನ್ನೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಖಗ್ರಾಸ ಕಂಡದ್ದು ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಪಟ್ಟಿಯಲ್ಲಾದರೂ ಭಯ ಇಡೀ ರಾಜ್ಯಕ್ಕಿತ್ತು. ಜನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು, ರಸ್ತೆ ಬಿಕೋ ಅನ್ನುತ್ತಿತ್ತು. ಆ ದಿನ ಮನೆಯೊಳಗೆ ಯಾರು ಯಾರಿದ್ದರು ಅಂತ ಕೇಳಿ ನೋಡಿ. ಬಸುರಿಯರನ್ನು ಹೇಗೆ ಕೂರಿಸಿದ್ದರು, ಯಾವ ಮಗು ಹೊರಗೆ ಓಡಿ ಒದೆ ತಿಂದಿತು, ಎಲ್ಲ ಬರುತ್ತದೆ.

ಸಂವತ್ಸರದ ಹೆಸರು ಸಿಕ್ಕಿದರೆ ಇನ್ನೂ ಸುಲಭ. ಅಜ್ಜಿಗೆ ಜಾತಕ ಇಲ್ಲದಿದ್ದರೂ ಅವರ ಅಣ್ಣನಿಗೋ ತಮ್ಮನಿಗೋ ಬರೆಸಿರಬಹುದು. ಈಶ್ವರ ಸಂವತ್ಸರ ಅಂತ ಇದ್ದರೆ ಅದು 1937ರ ಯುಗಾದಿಯಿಂದ 1938ರ ಯುಗಾದಿಯವರೆಗೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ, ಹಾಗಾಗಿ ಗೊಂದಲ ಆಗುವುದು ಕಡಿಮೆ. ಅಣ್ಣನಿಗಿಂತ ಮೂರು ವರ್ಷ ಚಿಕ್ಕವಳು ಅಂತ ಯಾರೋ ಹೇಳಿದರೆ ಸಾಕು, "1940-41ರ ಸುಮಾರು" ಅಂತ ಬರೆಯಿರಿ. ಸುಮಾರು ಅನ್ನುವ ಮಾತನ್ನು ಮಾತ್ರ ಬಿಡಬೇಡಿ. ಯಾರು ಹೇಳಿದ್ದು ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ.

ಇನ್ನು ಅಜ್ಜಿಯ ಅತ್ತೆಯ ಹೆಸರು. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಸ್ವತಂತ್ರ ಭಾರತದ ಮೊದಲ ಚುನಾವಣೆ (1951-52) ಹೊತ್ತಿಗೆ ಮತದಾರರ ಪಟ್ಟಿ ಮಾಡುವಾಗ ದೇಶದ ಕೆಲವು ಭಾಗಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಹಾಗೆ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಆದರೆ ನಮ್ಮ ಮನೆಗಳಲ್ಲೂ ಇಂಥವಳ ಅತ್ತೆ, ಇಂಥವನ ಅವ್ವ ಅಂತಲೇ ಬದುಕಿ ಹೋದವರು ಕಡಿಮೆಯೇನಿಲ್ಲ.

ಆ ಹೆಸರು ಹುಡುಕಲು ದಾರಿಗಳಿವೆ. ಮನೆಯ ಹಳೇ ಪಾಲುಪಟ್ಟಿ ಇದೆಯಾ ನೋಡಿ, ಟ್ರಂಕಿನ ತಳದಲ್ಲಿ, ಛಾಪಾ ಕಾಗದದಲ್ಲಿ ಬರೆದದ್ದು. ಅಣ್ಣತಮ್ಮಂದಿರು ಬೇರೆಯಾದಾಗ ವಿಧವೆ ತಾಯಿ ಬದುಕಿದ್ದರೆ ಅವಳ ಜೀವನಾಂಶಕ್ಕೆ ಯಾವ ಮಗ ವರ್ಷಕ್ಕೆ ಎಷ್ಟು ರಾಗಿ ಕೊಡಬೇಕು, ಎಷ್ಟು ಸೀರೆ ಕೊಡಬೇಕು ಅಂತ ಎಷ್ಟೋ ಪಾಲುಪಟ್ಟಿಗಳಲ್ಲಿ ಬರೆದಿರುತ್ತಾರೆ. ಅಲ್ಲಿ ಅವಳ ಹೆಸರು ಬರಲೇಬೇಕು. ಎರಡನೆಯದು ಪೌತಿ ಖಾತೆಯ ಕಡತ. ಜಮೀನಿನ ಯಜಮಾನ ಸತ್ತಮೇಲೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸುವಾಗ ವಂಶವೃಕ್ಷ ಕೊಟ್ಟಿರುತ್ತಾರೆ. ಸರ್ವೆ ನಂಬರ್ ಗೊತ್ತಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟು ಹಳೇ ಮ್ಯುಟೇಷನ್ ನಕಲು ಕೇಳಿ. ಈಗ ಕಂಪ್ಯೂಟರಿನಲ್ಲಿ ಸಿಗುವ ಪಹಣಿ ಸುಮಾರು 2000ದಿಂದ ಈಚಿನದು, ಹಿಂದಿನದು ಕೈಬರಹದಲ್ಲೇ ಇರುತ್ತದೆ. ಆದರೆ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸುವ ಕೆಟ್ಟ ಚಾಳಿ ಬಹಳ ಕಾಲ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಅದರಲ್ಲಿರುವ ಗಂಡುಮಕ್ಕಳಷ್ಟೇ ಮಕ್ಕಳು ಅಂದುಕೊಳ್ಳಬೇಡಿ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಅಟ್ಟ ಹತ್ತಿ ಪಾತ್ರೆ ಇಳಿಸಿ. ಮದುವೆಗೆ ಕೊಟ್ಟ ಹಿತ್ತಾಳೆ, ತಾಮ್ರ, ಸ್ಟೀಲಿನ ಪಾತ್ರೆಗೆ ಹೆಸರು ಹಾಕಿಸುವುದು ನಮ್ಮಲ್ಲಿ ವಾಡಿಕೆ ತಾನೆ? ಬಿಂದಿಗೆಯ ಕಂಠದ ಕೆಳಗೆ, ತಟ್ಟೆಯ ಅಂಚಿನಲ್ಲಿ, ಕೊಳದಪ್ಪಲೆಯ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಇರುತ್ತದೆ. ಸವೆದು ಕಾಣದಿದ್ದರೆ ಒಣ ಅಕ್ಕಿಹಿಟ್ಟು ಉದುರಿಸಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಹಿಟ್ಟು ಚುಕ್ಕಿಗಳೊಳಗೆ ಉಳಿದು ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಪಕ್ಕದಿಂದ ಟಾರ್ಚ್ ಹಿಡಿದು ಫೋಟೊ ತೆಗೆಯಿರಿ. ಯಾರಿಗೆ, ಯಾರಿಂದ, ಕೆಲವದರಲ್ಲಿ ತಾರೀಖು ಕೂಡ. ಒಂದು ಹಳೇ ಚೊಂಬಿನ ಮೇಲೆ "ಸೋದರಮಾವನಿಂದ" ಅಂತ ಒಂದು ಸಾಲು ಸಿಕ್ಕಿದರೂ ಆ ಹೆಣ್ಣಿನ ತವರಿನ ಕಡೆಗೆ ದಾರಿ ತೆರೆಯಿತು. ಜೊತೆಗೆ ಮುಯ್ಯಿ ಪುಸ್ತಕ (ಮದುವೆಯಲ್ಲಿ ಬಂದ ಉಡುಗೊರೆಯ ಲೆಕ್ಕ) ಹುಡುಕಿ. ಯಾವ ಊರಿನ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿರುವ ಆ ಉದ್ದನೆಯ ಪುಸ್ತಕದಲ್ಲಿ ಊರಿನ ಹೆಸರುಗಳನ್ನು ಮಾತ್ರ ಒಂದು ಕಡೆ ಪಟ್ಟಿ ಮಾಡಿ ನೋಡಿ. ಹೆಣ್ಣು ಕೊಟ್ಟ ಊರು, ತಂದ ಊರು ಕಣ್ಣಿಗೆ ಬೀಳುತ್ತವೆ. ಲಗ್ನಪತ್ರಿಕೆಗಳನ್ನಂತೂ ಒಂದನ್ನೂ ಬಿಸಾಡಬೇಡಿ.

ಈ ಊರುಗಳಿಗೆ ಒಮ್ಮೆ ಹೋಗಿ ಬನ್ನಿ. ಹೆಣ್ಣಿನ ಹೆಸರು ಗಂಡನ ಮನೆಯಲ್ಲಿ ಮರೆತುಹೋದರೂ ತವರಿನಲ್ಲಿ ಯಾರಾದರೂ ಹೇಳುತ್ತಾರೆ. ಮದುವೆಯಾದಮೇಲೆ ಹೆಸರು ಬದಲಾಯಿಸಿದ್ದರೆ ಹುಟ್ಟಿದಾಗಿನ ಹೆಸರು ಉಳಿದಿರುವುದೂ ಅಲ್ಲೇ.

ಸಾವಿನ ನೋಂದಣಿ ಬಗ್ಗೆ ಹೆಚ್ಚು ಹೇಳುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ತಿಳಿಸಬೇಕು, ಅದನ್ನು ನಿಮ್ಮ ಮನೆಯವರು ಮಾಡಿಸಿರುತ್ತಾರೆ. ಹಳಬರದ್ದು ಸಿಕ್ಕಿದರೆ ಸಿಕ್ಕಿತು. ಉತ್ತರ ಕರ್ನಾಟಕದ ಓದುಗರು ಇದ್ದರೆ ಅವರಿಗೆ ಇನ್ನೊಂದು ಮಾತು: ನಿಮ್ಮ ಮನೆತನದ ಹೆಳವರು ಯಾರು ಅಂತ ಹಿರಿಯರನ್ನು ಕೇಳಿ. ಎತ್ತಿನ ಜೊತೆ ಬಂದು ಮನೆ ಮುಂದೆ ಕೂತು ವಂಶಾವಳಿ ಹಾಡಿ ಹೇಳುತ್ತಿದ್ದವರು ಅವರು, ತಲೆಮಾರಿನಿಂದ ತಲೆಮಾರಿಗೆ ಆ ಕೆಲಸ ಮಾಡಿಕೊಂಡು ಬಂದಿದ್ದಾರೆ. ಅವರ ಹತ್ತಿರ ಹೊತ್ತಿಗೆಗಳೂ ಇರುತ್ತವೆ. ಬಂದರೆ ಕಾಳು ಕೊಟ್ಟು ಬೇಗ ಸಾಗಹಾಕಬೇಡಿ, ಕೂರಿಸಿ ಕೇಳಿ, ಅವರ ಕೂಲಿ ಮರ್ಯಾದೆಯಿಂದ ಕೊಡಿ. ಕೊಡಗಿನವರಿಗೆ ಐನ್‌ಮನೆ (ಮನೆತನದ ಮೂಲಮನೆ), ಕೈಮಡ (ಹಿರಿಯರ ನೆನಪಿನ ಗುಡಿ) ಇದೆ. ತುಳುನಾಡಿನವರಿಗೆ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಬಡಿಸುವ ದಿನ ಇದೆ. ಮಂಗಳೂರಿನ ಕ್ಯಾಥೊಲಿಕರು ನವೆಂಬರ್ 2ಕ್ಕೆ ಸಮಾಧಿಗೆ ಹೋಗುತ್ತಾರೆ, ಅವರ ಇಗರ್ಜಿಗಳಲ್ಲಿ ನಾಮಕರಣ, ಮದುವೆ, ಸಾವಿನ ಪುಸ್ತಕ ಇರುತ್ತದೆ. ಈ ದಿನಗಳಲ್ಲಿ ಮನೆಯವರೆಲ್ಲ ಒಂದು ಕಡೆ ಸೇರುತ್ತಾರೆ, ಬಾಯಲ್ಲಿ ಸತ್ತವರ ಮಾತೇ ಇರುತ್ತದೆ. ಕೇಳಿ ಬರೆದುಕೊಳ್ಳಲು ಅದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ.

ಸರಿ, ಇಷ್ಟೆಲ್ಲ ಸಿಕ್ಕಿತು ಅಂದುಕೊಳ್ಳಿ. ಬರೆಯುವುದು ಹೇಗೆ? ಜನ ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: "ನಮ್ಮ ಅಜ್ಜಿ ಕಷ್ಟಸಹಿಷ್ಣು. ಬಡತನದಲ್ಲೂ ಮಕ್ಕಳನ್ನು ಓದಿಸಿದ ಮಹಾತಾಯಿ." ಅದೇ ಅಜ್ಜಿಯನ್ನು ಹೀಗೆ ಬರೆಯಬಹುದು. ಇದು ನಾನೇ ಕಟ್ಟಿದ ಉದಾಹರಣೆ, ನಿಮ್ಮ ಅಜ್ಜಿಯದಲ್ಲ:

"ಮದುವೆಯಾಗಿ ಈ ಊರಿಗೆ ಬಂದಾಗ ಅವರಿಗೆ ಹದಿನಾಲ್ಕು ಹದಿನೈದು ವರ್ಷ. ತೋಟದ ಬಾವಿಯಿಂದ ದಿನಕ್ಕೆ ಆರು ಬಿಂದಿಗೆ ನೀರು ತರುವುದು ಅವರ ಪಾಲಿನ ಕೆಲಸ ಅಂತ ಚಿಕ್ಕಜ್ಜಿ ಹೇಳುತ್ತಾರೆ. ಕಾಯಿ ಅಟ್ಟದ ಮೇಲೆ ಒಣಗುವವರೆಗೆ ಮನೆಯಲ್ಲಿ ದುಡ್ಡು ಇರುತ್ತಿರಲಿಲ್ಲ, ಆಗ ಎಮ್ಮೆಯ ಬೆಣ್ಣೆ ಕಾಸಿ ತುಪ್ಪ ಮಾರುತ್ತಿದ್ದರು. ದೊಡ್ಡ ಮಗನ ಹೈಸ್ಕೂಲು ಫೀಸಿಗೆ ಕಿವಿಯ ಓಲೆ ಅಡ ಇಟ್ಟರು. ಬಿಡಿಸಿಕೊಂಡರೋ ಇಲ್ಲವೋ ಅನ್ನುವುದರಲ್ಲಿ ಮಕ್ಕಳಲ್ಲಿ ಎರಡು ಮಾತಿದೆ. ಓದಲು ಬರುತ್ತಿರಲಿಲ್ಲ, ಆದರೆ ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದರು."

ಎರಡು ಮಾತಿದೆ ಅಂತ ಬರೆದದ್ದನ್ನು ಗಮನಿಸಿ. ನೆನಪುಗಳು ಒಂದಕ್ಕೊಂದು ಹೊಂದುವುದಿಲ್ಲ. ದೊಡ್ಡಪ್ಪ ಒಂದು ಹೇಳುತ್ತಾರೆ, ಅತ್ತೆ ಇನ್ನೊಂದು ಹೇಳುತ್ತಾರೆ. ನೀವು ನ್ಯಾಯ ತೀರಿಸಲು ಹೋಗಬೇಡಿ, ಎರಡನ್ನೂ ಹೇಳಿದವರ ಹೆಸರಿನ ಸಮೇತ ಬರೆಯಿರಿ. ಒಬ್ಬರಿಗೆ ಎರಡು ಪುಟ ಸಾಕು. ಹತ್ತು ಜನರ ಎರಡೆರಡು ಪುಟ ಮುಗಿಸುವುದು, ಅಜ್ಜಿಯ ಇನ್ನೂರು ಪುಟದ ಪುಸ್ತಕ ಅಂತ ಶುರು ಮಾಡಿ ಅರ್ಧಕ್ಕೆ ನಿಲ್ಲಿಸುವುದಕ್ಕಿಂತ ಎಷ್ಟೋ ಮೇಲು.

ಊರಿನವರ ಬದುಕೂ ಬರೆಯಬೇಕು ಅಂದಿರಲ್ಲ, ಅದು ನನಗೆ ತುಂಬ ಸಂತೋಷದ ವಿಷಯ. ಸಾಮಾನ್ಯವಾಗಿ ಊರಿನ ಇತಿಹಾಸ ಅಂದರೆ ಪಟೇಲರು, ಶಾನುಭೋಗರು, ದೇವಸ್ಥಾನ ಕಟ್ಟಿಸಿದವರು, ಅಷ್ಟಕ್ಕೇ ನಿಲ್ಲುತ್ತದೆ. ನೀವು ಸೂಲಗಿತ್ತಿಯಿಂದ ಶುರು ಮಾಡಿ. ನಿಮ್ಮ ಜಿಲ್ಲೆಯವರೇ ಆದ ಸೂಲಗಿತ್ತಿ ನರಸಮ್ಮ, ಪಾವಗಡ ತಾಲ್ಲೂಕಿನವರು, ಹದಿನೈದು ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರನ್ನು ಜನ ಗುರುತಿಸಿದರು, ಅವರ ಹೆಸರು ಉಳಿಯಿತು. ನಿಮ್ಮ ಊರಿನಲ್ಲಿ ನಿಮ್ಮ ತಂದೆಯ ಹೊಕ್ಕುಳಬಳ್ಳಿ ಕತ್ತರಿಸಿದವರು ಯಾರು? ಊರಿನ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿರುತ್ತಾರೆ, ಹೆಸರು ಕೇಳಿದರೆ ಬರೀ ಅಡ್ಡಹೆಸರು ಬರುತ್ತದೆ. ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿ, ತೋಟಿ, ತಳವಾರ, ತಮಟೆ ಬಡಿಯುತ್ತಿದ್ದವರು, ತೆಂಗಿನ ಮರ ಹತ್ತುತ್ತಿದ್ದವರು, ಇವರನ್ನೆಲ್ಲ ಬರೆಯಿರಿ.

ಜಮೀನು ಇಲ್ಲದವರಿಗೆ ಕಾಗದ ಇರುವುದಿಲ್ಲ ಅನ್ನುವ ಮಾತು ಮುಕ್ಕಾಲು ನಿಜ, ಪೂರ್ತಿ ಅಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದಮೇಲೆ ತೋಟಿ, ತಳವಾರ, ನೀರುಗಂಟಿಗಳ ಇನಾಮ್ತಿ ಜಮೀನನ್ನು (ಊರಿನ ಕೆಲಸಕ್ಕೆ ಬದಲಾಗಿ ಸಿಕ್ಕಿದ್ದ ಜಮೀನು) ಅವರ ಕುಟುಂಬಗಳಿಗೆ ಮರುಮಂಜೂರು ಮಾಡಿದರು, ಆ ಕಡತಗಳಲ್ಲಿ ಅಪ್ಪ, ತಾತನ ಹೆಸರು ಇರುತ್ತದೆ. ಗೇಣಿದಾರರಾಗಿದ್ದವರ ಮನೆಯಾದರೆ 1974ರ ಭೂಸುಧಾರಣೆ ತಿದ್ದುಪಡಿ ಆದಮೇಲೆ ಉಳುವ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಭೂನ್ಯಾಯಮಂಡಳಿಗೆ ಕೊಟ್ಟ ಅರ್ಜಿ, ಫಾರಂ ನಂಬರ್ 7 ಹುಡುಕಿ. ಎಷ್ಟು ವರ್ಷದಿಂದ ಉಳುತ್ತಿದ್ದೇವೆ, ಯಾರ ಜಮೀನು ಅಂತ ಅವರೇ ಹೇಳಿ ಬರೆಸಿದ್ದು ಅದರ ಜೊತೆಗೆ ಸಿಗಬಹುದು. ಓದು ಬಾರದವರು ತಮ್ಮ ಬದುಕಿನ ವಿಷಯ ಕಾಗದಕ್ಕೆ ಹಾಕಿಸಿದ್ದು ಅದೊಂದೇ ಸಲ ಇರಬಹುದು. ಇನ್ನೊಂದು ಮಾತು. ಬೇರೆ ಕೇರಿಗೆ ಹೋಗಿ ಕೇಳುವಾಗ ಅಲ್ಲಿಯ ಹುಡುಗ ಹುಡುಗಿಯರನ್ನೇ ಜೊತೆಗೆ ಕರೆದುಕೊಳ್ಳಿ, ಅವರ ಹಿರಿಯರ ಕಥೆ ಅವರ ಕೈಯಲ್ಲೇ ಬರೆಸಿ. ನಿಮ್ಮ ಮನೆಯ ಜಗಲಿ ಹತ್ತಲು ಬಿಡದ ಕಾಲದ ಮಾತು ಬಂದರೆ ಅದನ್ನೂ ಹಾಗೇ ಬರೆದುಕೊಳ್ಳಿ, ಮೆದು ಮಾಡಬೇಡಿ.

ಈಗ ಜಗಳ, ಕುಡಿತ, ಎರಡನೇ ಮದುವೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮನುಷ್ಯರನ್ನು ಅಳಿಸಬೇಡಿ. ಎರಡನೇ ಹೆಂಡತಿ, ಅವಳ ಮಕ್ಕಳು, ಓಡಿಹೋಗಿ ಮದುವೆಯಾದ ಅತ್ತೆ, ಮದುವೆಯೇ ಆಗದೆ ಮನೆಯಲ್ಲಿ ದುಡಿದ ದೊಡ್ಡಮ್ಮ, ಬುದ್ಧಿ ಸ್ವಾಧೀನ ಇಲ್ಲದ ಚಿಕ್ಕಪ್ಪ, ಇವರ ಹೆಸರಿಲ್ಲದ ವಂಶವೃಕ್ಷ ಸುಳ್ಳು. ಅಜ್ಜ ಕುಡಿದು ಹೊಡೆಯುತ್ತಿದ್ದರು ಅನ್ನುವುದನ್ನು ಬಿಟ್ಟರೆ ಅಜ್ಜಿ ಪಟ್ಟದ್ದು ಬರೆದಂತಾಗುವುದಿಲ್ಲ. ಆದರೆ ಬರೆಯುವುದು ಬೇರೆ, ಹಂಚುವುದು ಬೇರೆ. ಎರಡು ಪ್ರತಿ ಮಾಡಿ. ಪೂರ್ತಿ ಇರುವ ಪ್ರತಿ ನಿಮ್ಮ ಹತ್ತಿರ ಮತ್ತು ನಂಬಿಕಸ್ಥ ಇನ್ನೊಬ್ಬರ ಹತ್ತಿರ ಇರಲಿ. ಎಲ್ಲರಿಗೂ ಕೊಡುವ ಪ್ರತಿಯಲ್ಲಿ, ಬದುಕಿರುವವರಿಗೆ ನೋವಾಗುವ ಅಥವಾ ಕೋರ್ಟಿನಲ್ಲಿ ಈಗಲೂ ನಡೆಯುತ್ತಿರುವ ವಿಷಯ ಇದ್ದರೆ ಸಂಬಂಧಪಟ್ಟವರಿಗೆ ಓದಿ ತೋರಿಸಿ, ಬೇಡ ಅಂದರೆ ಸದ್ಯಕ್ಕೆ ಬಿಡಿ. ಆತ್ಮಹತ್ಯೆಯಾಗಿದ್ದರೆ ಹೇಗೆ ಸತ್ತರು ಅನ್ನುವ ವಿವರ ಬೇಡ, ಹೇಗೆ ಬದುಕಿದ್ದರು ಅನ್ನುವುದನ್ನು ಜಾಸ್ತಿ ಬರೆಯಿರಿ. ರೆಕಾರ್ಡಿಂಗ್ ಆಗುವಾಗ ಯಾರಾದರೂ "ಇದನ್ನ ಬರೀಬೇಡ ಕಣೆ" ಅಂದರೆ ಬರೆಯಬೇಡಿ. ಆ ಮಾತು ಮೀರಿದರೆ ಊರಿನಲ್ಲಿ ಇನ್ನೊಬ್ಬರು ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ. ಜಮೀನಿನ ಕಾಗದ, ಆಧಾರ್ ನಂಬರ್ ಯಾವುದನ್ನೂ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ನೆನಪು ಕೇಳಲು ಹೋದವರು ಪಾಲು ಕೇಳಲು ಬಂದರು ಅನ್ನುವ ಸುದ್ದಿ ಹಬ್ಬಲು ಒಂದು ಸಂಜೆ ಸಾಕು.

ಒಂದೇ ಫೋಟೊ ಇದೆ ಅಂದಿರಲ್ಲ, ಅದನ್ನು ಫ್ರೇಮಿನಿಂದ ಕೀಳಲು ಹೋಗಬೇಡಿ. ವರ್ಷಗಟ್ಟಲೆ ಗಾಜಿಗೆ ಅಂಟಿಕೊಂಡಿದ್ದರೆ ಮುಖವೇ ಕಿತ್ತು ಬರುತ್ತದೆ. ಗಾಜಿನ ಮೇಲಿನ ಕುಂಕುಮ, ಗಂಧ ಒಣ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಪಕ್ಕ ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಗಾಜಿನ ಮೇಲೇ ಫೋಟೊ ತೆಗೆಯಿರಿ. ಬಿಡಿ ಫೋಟೊ ಸಿಕ್ಕಿದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಹಿಂಬದಿಯನ್ನೂ ಮಾಡಿಸಿ, ಸ್ಟುಡಿಯೊದ ಮೊಹರು ಇರಬಹುದು. ಹೆಸರು ಬರೆಯುವುದಾದರೆ ಹಿಂದೆ ಪೆನ್ಸಿಲ್‌ನಲ್ಲಿ ಮೆಲ್ಲಗೆ ಬರೆಯಿರಿ, ಬಾಲ್ ಪೆನ್ ಬೇಡ. ಬೇರೆಯವರ ಮದುವೆ ಆಲ್ಬಮ್ಮುಗಳನ್ನೂ ನೋಡಿ, ಊಟದ ಪಂಕ್ತಿಯಲ್ಲಿ ಬಡಿಸುತ್ತಾ ನಿಂತವರಲ್ಲಿ ಅಜ್ಜಿ ಇರಬಹುದು. ಯಾರಾದರೂ ಕಳಿಸಿದರೆ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಚಿತ್ರ ಕುಗ್ಗಿಹೋಗುತ್ತದೆ.

ಕೊನೆಗೆ ಟೈಪಿಂಗ್. ಡಿಟಿಪಿಯವರಿಗೆ ಕೊಟ್ಟರೆ ಯೂನಿಕೋಡ್‌ನಲ್ಲೇ ಮಾಡಿ ಅಂತ ಒತ್ತಿ ಹೇಳಿ. ಹಳೇ ಫಾಂಟ್‌ಗಳಲ್ಲಿ ಮಾಡಿದ ಫೈಲು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚು ಕಾಣುತ್ತದೆ, ಹೆಸರು ಹುಡುಕಲೂ ಆಗುವುದಿಲ್ಲ. ಧ್ವನಿ, ಫೋಟೊ, ಬರಹ ಮೂರನ್ನೂ ಎರಡು ಬೇರೆ ಬೇರೆ ಊರುಗಳಲ್ಲಿ, ಎರಡು ಬೇರೆ ಡ್ರೈವ್‌ಗಳಲ್ಲಿ ಇಡಿ. ಅಚ್ಚು ಹಾಕಿಸಲು ದುಡ್ಡಿಲ್ಲದಿದ್ದರೆ ಜೆರಾಕ್ಸ್ ಮಾಡಿಸಿ ಸ್ಪೈರಲ್ ಬೈಂಡ್ ಹಾಕಿಸಿ, ಅಜ್ಜಿಯ ಒಬ್ಬೊಬ್ಬ ಮಗ, ಮಗಳ ಮನೆಗೆ ಒಂದೊಂದು ಪ್ರತಿ, ಅವರ ತವರಿಗೆ ಒಂದು, ಪಂಚಾಯ್ತಿ ಗ್ರಂಥಾಲಯಕ್ಕೆ ಒಂದು ಕೊಡಿ. ತಪ್ಪು ಕಂಡವರು ತಿದ್ದಿ ಬರೆಯಲಿ ಅಂತ ಪ್ರತಿಯೊಬ್ಬರ ಪುಟದ ಪಕ್ಕ ಅಗಲವಾಗಿ ಜಾಗ ಬಿಡಿ. ಕೆಳಗೆ ನಿಮ್ಮ ಹೆಸರು, ಬರೆದ ತಿಂಗಳು, ವರ್ಷ ಹಾಕಲು ಮರೆಯಬೇಡಿ.